ರಾಯಲ್ ಪಾಮ್ ಗರಿ ಕಡೀಬೇಡಿ ಮೇಡಂ, ಮೊದ್ಲು ಬುಡ ಬಿಡಿಸಿ ನೋಡಿ

ಪ್ರಶ್ನೆ: ಶಿಡ್ಲಘಟ್ಟದ ಹತ್ರ ನಮ್ಮೂರಲ್ಲಿ ಮನೆ ಕಟ್ಟಿ, ಗೇಟಿಂದ ಬಾಗಿಲವರೆಗೆ ಆರು ರಾಯಲ್ ಪಾಮ್ ಹಾಕಿಸಿ ಮೂರು ವರ್ಷ ಆಯ್ತು. ಎರಡು ವರ್ಷ ಚೆನ್ನಾಗಿದ್ವು. ಈ ವರ್ಷ ಕೆಳಗಿನ ಗರಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ತುದಿಯಿಂದ ಒಣಗ್ತಾ ಬಂದ್ವು, ಮಾಲಿ ಎಲ್ಲಾ ಕಡಿದು ಹಾಕ್ದ, ಈಗ ಮೇಲೆ ಮೂರು ನಾಲ್ಕು ಗರಿ ಇದೆ ಅಷ್ಟೇ. ಹೊಸದಾಗಿ ಬರ್ತಿರೋದೂ ಗಿಡ್ಡ, ಸುಟ್ಟ ಹಾಗೆ ಮುದುರಿಕೊಂಡಿದೆ. ಬುಡದ ಸುತ್ತ ಕಟ್ಟೆ ಕಟ್ಟಿ ಕೆಂಪು ಮಣ್ಣು ತುಂಬಿಸಿದೀವಿ, ಲಾನ್ ಇದೆ, ಬೋರ್ ನೀರು. ಪಕ್ಕದ ಮನೆಯವರು ಬುಡಕ್ಕೆ ಎರಡು ಕೆಜಿ ಉಪ್ಪು ಹಾಕಿ ಅಂತಾರೆ. ವರಾಂಡದ ಕುಂಡದಲ್ಲಿರೋ ಅರೆಕಾ ಪಾಮ್ ತುದಿನೂ ಒಣಗ್ತಿದೆ, ಅದಕ್ಕೆ ಆರ್‌ಒ ಮೆಶಿನ್ನಿನ ವೇಸ್ಟ್ ನೀರು ಹಾಕ್ತೀವಿ. ಎಲ್ಲಾ ಕಿತ್ತು ಬೇರೆ ಹಾಕ್ಬೇಕಾ? ಹಾಕೋದಾದ್ರೆ ನಮ್ಮ ಕಡೆಗೆ ಯಾವ ಪಾಮ್ ಆಗುತ್ತೆ?

ಉತ್ತರ:

ಮೇಡಂ, ಮೊದ್ಲು ಆ ಎರಡು ಕೆಜಿ ಉಪ್ಪು ಬೇಡ. ಆಮೇಲೆ ಮಾಲಿ ಕೈಲಿರೋ ಮಚ್ಚು ಇಸ್ಕೊಂಡು ಒಳಗಿಡಿ. ಆರರಲ್ಲಿ ಒಂದನ್ನೂ ಈಗ ಕೀಳ್ಬೇಡಿ. ನೀವು ಬರ್ದಿರೋ ಲಕ್ಷಣ ನೋಡಿದ್ರೆ ಮರಗಳು ಸತ್ತಿಲ್ಲ, ಹಸಿದಿವೆ, ಹಸಿದಿರೋ ಹೊತ್ತಲ್ಲೇ ಕೈಲಿದ್ದ ಬುತ್ತಿನೂ ಕಿತ್ಕೊಂಡಂಗಾಗಿದೆ. ಉಳಿಸ್ಕೋಬಹುದು, ಆದ್ರೆ ಟೈಮ್ ಹಿಡಿಯುತ್ತೆ, ಒಂದು ವರ್ಷ ಒಂದೂವರೆ ವರ್ಷ ಅಂತ ಈಗ್ಲೇ ಮನಸ್ಸಿಗೆ ಹೇಳ್ಕೊಂಡ್ಬಿಡಿ.

ನಾನು ತಿಪಟೂರು ಕಡೆಯವನು, ತೆಂಗಿನ ತೋಟದಲ್ಲೇ ಬೆಳೆದೋನು, ಇಪ್ಪತ್ತೈದು ವರ್ಷದಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಮನೆ, ಕಾಲೇಜು, ಕಲ್ಯಾಣ ಮಂಟಪ, ಫಾರ್ಮ್ ಹೌಸ್ ಅಂತ ಪಾಮ್ ಹಾಕ್ಕೊಟ್ಟು ನೋಡ್ಕೊತಾ ಬಂದಿದೀನಿ. ನಾನು ಕಂಡಿರೋದು ಹೇಳ್ತೀನಿ, ನಮ್ಮ ಕಡೆ ನೀರಿಲ್ದೆ ಸತ್ತ ಪಾಮ್ ಕಮ್ಮಿ, ಮಚ್ಚಿಂದ ಸತ್ತಿದ್ದು, ಆಳವಾಗಿ ನೆಟ್ಟು ಸತ್ತಿದ್ದು ಜಾಸ್ತಿ. ನಿಮ್ಮ ಆರು ಮರಕ್ಕೂ ಈ ಎರಡೂ ಆಗಿದೆ ಅನ್ಸುತ್ತೆ, ಜೊತೆಗೆ ಗೊಬ್ಬರದ ಲೆಕ್ಕನೂ ತಪ್ಪಿದೆ.

ಪಾಮ್ ಅಂದ್ರೆ ಫಾರಿನ್ ಗಿಡ, ನಮಗೇನ್ ಗೊತ್ತಾಗುತ್ತೆ ಅಂತ ಹೆದರ್ಕೋತಾರೆ ಜನ. ಹಂಗೇನಿಲ್ಲ, ತೆಂಗು, ಅಡಿಕೆ, ತಾಳೆ, ಈಚಲು, ಬಗನಿ ಎಲ್ಲಾ ಒಂದೇ ಕುಲ, ತೆಂಗು ನೋಡ್ಕೊಳೋಕೆ ಬಂದ್ರೆ ಅರ್ಧ ಬಂದಂಗೇನೆ. ಮಾವು ಹುಣಸೆ ಥರ ಇದಕ್ಕೆ ಕೊಂಬೆ ಇಲ್ಲ, ಕಾಂಡಕ್ಕೆ ತೊಗಟೆ ಬೆಳೆದು ಗಾಯ ಮುಚ್ಚೋ ಗುಣನೂ ಇಲ್ಲ. ಮಾವಿನ ಮರಕ್ಕೆ ಕೊಡಲಿ ಏಟು ಬಿದ್ರೆ ನಾಲ್ಕು ವರ್ಷದಲ್ಲಿ ಮುಚ್ಕೊಳುತ್ತೆ, ಪಾಮ್ ಕಾಂಡಕ್ಕೆ ಒಂದು ಮೊಳೆ ಹೊಡೆದ್ರೆ ಆ ತೂತು ಮರ ಇರೋವರೆಗೂ ತೂತಾಗೇ ಇರುತ್ತೆ. ಗೃಹಪ್ರವೇಶಕ್ಕೆ ಸೀರಿಯಲ್ ಲೈಟ್ ಕಟ್ಟೋಕೆ ಮೊಳೆ ಹೊಡ್ಸಿರ್ತಾರೆ ಎಷ್ಟೋ ಜನ, ನೀವೂ ಹೊಡ್ಸಿದ್ರೆ ಇನ್ನೊಂದು ಸಲ ಬೇಡ, ದಾರದಲ್ಲಿ ಕಟ್ಟಿಸಿ. ಮತ್ತೆ ಇಡೀ ಮರದ ಜೀವ ಇರೋದು ಒಂದೇ ಒಂದು ಸುಳಿಲಿ. ಅರೆಕಾ ಥರ ಗುಂಪಾಗಿ ಬರೋವಕ್ಕೆ ಪಕ್ಕದಲ್ಲಿ ಇನ್ನೊಂದು ಮರಿಗಿಡ ಬರುತ್ತೆ, ರಾಯಲ್ ಪಾಮ್‌ಗೆ ಆ ಭಾಗ್ಯ ಇಲ್ಲ, ಸುಳಿ ಹೋಯ್ತು ಅಂದ್ರೆ ಮರ ಹೋಯ್ತು. ತಲೆ ಕಡಿದ್ರೆ ಕವಲೊಡೆಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ.

ಅದಕ್ಕೇ ಇವತ್ತೇ ಮಾಡೋ ಕೆಲಸ, ಏಣಿ ಹಾಕಿ ಆರಕ್ಕೂ ಸುಳಿ ನೋಡಿ. ಮಧ್ಯದಲ್ಲಿ ಈಟಿ ಥರ ನೆಟ್ಟಗೆ ನಿಂತಿರುತ್ತಲ್ಲ, ಇನ್ನೂ ಬಿಚ್ಚದೆ ಇರೋ ಗರಿ, ಅದನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೀರಿ. ಗಟ್ಟಿಯಾಗಿ ಕೂತಿದ್ರೆ ಜೀವ ಇದೆ. ಸಲೀಸಾಗಿ ಕೈಗೆ ಬಂದು, ಬುಡ ಕಂದು ಬಣ್ಣಕ್ಕೆ ಕೊಳೆತು ಕೆಟ್ಟ ವಾಸನೆ ಹೊಡೀತಿದ್ರೆ ಅದು ಸುಳಿ ಕೊಳೆ ರೋಗ, ತೆಂಗಿಗೆ ಬರೋದೇ ಇದಕ್ಕೂ ಬರುತ್ತೆ. ಹಂಗಿದ್ರೆ ಕೊಳೆತ ಭಾಗನ ಚೂಪಾದ ಚಾಕುಲಿ ಪೂರ್ತಿ ತೆಗೆದು ಬೋರ್ಡೋ ಪೇಸ್ಟ್, ಅಂದ್ರೆ ಮೈಲುತುತ್ತ ಸುಣ್ಣ ಬೆರೆಸಿದ ಮುಲಾಮು, ಹಚ್ಚಿ ಮಳೆ ನೀರು ಇಳೀದಂಗೆ ಮುಚ್ಚಬೇಕು, ಉಳಿದ್ರೆ ಉಳೀತು. ನೀವು ಹೇಳೋ ಪ್ರಕಾರ ಹೊಸ ಗರಿ ಇನ್ನೂ ಬರ್ತಾ ಇದೆ, ಅಂದ್ರೆ ಹೆಚ್ಚು ಕಮ್ಮಿ ಆರಕ್ಕೂ ಸುಳಿ ಚೆನ್ನಾಗೇ ಇರುತ್ತೆ.

ಈಗ ಬುಡಕ್ಕೆ ಬನ್ನಿ. ಕಟ್ಟೆ ಕಟ್ಟಿ ಮಣ್ಣು ತುಂಬಿಸಿದೀವಿ ಅಂತ ಒಂದೇ ಮಾತಲ್ಲಿ ಬರ್ದಿದೀರ, ನನಗೆ ಎದೆ ಝಲ್ ಅಂದಿದ್ದು ಅಲ್ಲೇ. ಗುದ್ದಲಿ ಬೇಡ, ಕೈಯಲ್ಲೇ ಅಥವಾ ಸಣ್ಣ ಕಡ್ಡಿ ತಗೊಂಡು ಕಾಂಡದ ಪಕ್ಕ ಮಣ್ಣು ಬಿಡಿಸ್ತಾ ಹೋಗಿ. ಒಂದು ಕಡೆ ಕಾಂಡ ಮುಗ್ದು ಪೆನ್ಸಿಲ್ ದಪ್ಪದ ಬೇರುಗಳು ಒತ್ತೊತ್ತಾಗಿ ಹೊರಟಿರೋದು ಸಿಗುತ್ತೆ, ಅದೇ ಮರದ ನಿಜವಾದ ಬುಡ. ಅದು ನೆಲದ ಮಟ್ಟದಲ್ಲೇ ಇರ್ಬೇಕು, ಒಂದೆರಡು ಇಂಚು ಆಚೀಚೆ ಆದ್ರೆ ಪರ್ವಾಗಿಲ್ಲ. ಒಂದಡಿ ಒಂದೂವರೆ ಅಡಿ ಕೆಳಗೆ ಸಿಕ್ತು ಅಂದ್ರೆ ಆ ಬೇರಿಗೆ ಉಸಿರಾಡೋಕೆ ಗಾಳಿ ಸಿಗ್ತಿಲ್ಲ, ಕೆಂಪು ಜೇಡಿಮಣ್ಣು ನೀರು ಕುಡಿದು ಗಚ್ಚಿನಂಗೆ ಕೂತಿರುತ್ತೆ, ಬೇರು ಕೊಳೆಯುತ್ತೆ, ಬೇರು ಕೊಳೆತ್ಮೇಲೆ ನೀವು ಮೇಲೆ ಏನೇ ಗೊಬ್ಬರ ಸುರಿದ್ರೂ ಒಳಗೆ ಹೋಗಲ್ಲ. ತುಮಕೂರು ಹತ್ರ ಒಂದು ಕಲ್ಯಾಣ ಮಂಟಪಕ್ಕೆ ಹದಿನಾಲ್ಕು ರಾಯಲ್ ಪಾಮ್ ಹಾಕಿದ್ರು, ಗಾಳಿಗೆ ಬೀಳಬಾರದು ಅಂತ ಎರಡಡಿ ಆಳಕ್ಕೆ ಇಳಿಸಿ ನೆಟ್ಟಿದ್ರು, ಮೂರನೇ ವರ್ಷ ಐದು ಹೋದ್ಮೇಲೆ ನನ್ನ ಕರೆದ್ರು. ಅಗೆದು ನೋಡಿದ್ರೆ ಕೆಳಗಿನ ಬೇರೆಲ್ಲಾ ಕಪ್ಪಾಗಿ, ಹಿಂಡಿದ್ರೆ ಸಿಪ್ಪೆ ಕೈಲಿ ಬಂದು ಒಳಗೆ ಬರೀ ದಾರ ಉಳೀತಿತ್ತು. ಉಳಿದ ಒಂಬತ್ತಕ್ಕೆ ಮಣ್ಣು ಬಿಡಿಸಿ ಇಳಿಜಾರು ಮಾಡಿ ನೀರು ಆಚೆ ಹೋಗೋ ಹಂಗೆ ಮಾಡಿದ್ವಿ, ಏಳು ಚೇತರಿಸ್ಕೊಂಡ್ವು.

ನೀವೂ ಆ ಕಟ್ಟೆ ಒಡ್ಸಿ, ಮೇಲೆ ತುಂಬಿರೋ ಮಣ್ಣೆಲ್ಲಾ ತೆಗ್ಸಿ. ಅಂದ ಹಾಳಾಗುತ್ತೆ ಅನ್ಸುತ್ತೆ, ಆದ್ರೂ ತೆಗ್ಸಿ. ಕಾಂಡದಿಂದ ಒಂದಡಿ ಬಿಟ್ಟು, ಸುತ್ತ ಮೂರು ನಾಲ್ಕು ಅಡಿ ಅಗಲಕ್ಕೆ ಪಾತಿ ಮಾಡಿ, ಆ ಜಾಗದಲ್ಲಿ ಲಾನ್ ಬೇಡ, ಒಣಗಿದ ಸೋಗೆ, ತೆಂಗಿನ ಸಿಪ್ಪೆ, ಎಲೆ ಏನಿದ್ಯೋ ಅದನ್ನ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸ್ಬೇಡಿ. ಹುಲ್ಲು ಕತ್ತರಿಸೋ ಮೆಶಿನ್ ದಾರ ಕಾಂಡಕ್ಕೆ ಬಡಿಯೋದು ಇದ್ರಿಂದ ತಪ್ಪುತ್ತೆ, ಅದೂ ಗಾಯಾನೇ.

ಇನ್ನು ಗರಿ ವಿಷಯ. ಪಾಮ್ ಹೊಟ್ಟೆಲಿ ಏನ್ ಕಮ್ಮಿ ಆಗಿದೆ ಅಂತ ಅದರ ಗರಿನೇ ಹೇಳುತ್ತೆ, ಮೊದ್ಲು ನೋಡ್ಬೇಕಾಗಿದ್ದು ತೊಂದ್ರೆ ಹಳೇ ಗರಿಲೋ ಹೊಸ ಗರಿಲೋ ಅಂತ. ಕೆಳಗಿನ ಹಳೇ ಗರಿ ಕಿತ್ತಳೆ ಬಣ್ಣ ಆಗಿ, ಬಿಸಿಲಿಗೆ ಹಿಡಿದು ನೋಡಿದ್ರೆ ಎಣ್ಣೆ ಚುಕ್ಕಿ ಬಿದ್ದಂಗೆ ಸಣ್ಣ ಸಣ್ಣ ಚುಕ್ಕಿಲಿ ಬೆಳಕು ಪಾಸಾಗ್ತಿದ್ರೆ, ತುದಿಯಿಂದ ಒಣಗ್ತಾ ಬರ್ತಿದ್ರೆ ಅದು ಪೊಟ್ಯಾಶ್ ಕೊರತೆ. ಹಳೇ ಗರಿಲೇ ಅಂಚು ಮಾತ್ರ ಅಗಲವಾಗಿ ಹಳದಿ ಪಟ್ಟಿ ಆಗಿ ನಡುಭಾಗ ಹಸಿರಾಗೇ ಇದ್ರೆ ಮೆಗ್ನೀಷಿಯಂ. ಹೊಸ ಗರಿ ಗಿಡ್ಡ ಆಗಿ, ಬೆಂಕಿ ಝಳ ತಾಗಿದಂಗೆ ಮುದುರಿ ಬಂದ್ರೆ ಮ್ಯಾಂಗನೀಸ್, ಇದು ರಾಯಲ್ ಪಾಮ್‌ಗೆ ಬಹಳ ಬೇಗ ಬರುತ್ತೆ, ಅದರಲ್ಲೂ ಸುಣ್ಣದ ಅಂಶ ಇರೋ ಮಣ್ಣು, ಗಡಸು ಬೋರ್ ನೀರು ಇರೋ ಕಡೆ. ಮಣ್ಣಲ್ಲಿ ಮ್ಯಾಂಗನೀಸ್ ಇದ್ರೂ ಕ್ಷಾರ ಜಾಸ್ತಿ ಆದ್ರೆ ಬೇರಿಗೆ ಸಿಗಲ್ಲ. ಹೊಸ ಗರಿ ತುದಿ ಕೊಕ್ಕೆ ಥರ ಬಾಗಿ, ಎಲೆಗಳು ಬಿಚ್ಚದೆ ಒಂದಕ್ಕೊಂದು ಅಂಟ್ಕೊಂಡಿದ್ರೆ ಬೋರಾನ್. ನಿಮ್ಮದು ಸುಟ್ಟ ಹಾಗೆ ಅಂದ್ರಲ್ಲ, ಒಂದು ಹೊಸ ಗರಿನ ಬುಡದಿಂದ ತುದಿವರೆಗೂ ಕಣ್ಣಾಡಿಸಿ. ಬುಡದ ಕಡೆ ಎಲೆಗಳು ಹೆಚ್ಚು ಸುಟ್ಟು ತುದಿ ಕಡೆ ಪರ್ವಾಗಿಲ್ಲ ಅನ್ನೋ ಹಂಗಿದ್ರೆ ಮ್ಯಾಂಗನೀಸೇ. ತುದಿ ಕಡೆ ಹೆಚ್ಚು ಸುಟ್ಟಿದ್ರೆ ಪೊಟ್ಯಾಶ್ ಕೊರತೆ ಮೇಲಿನವರೆಗೂ ಏರಿದೆ ಅಂತ. ನನ್ನ ಅಂದಾಜಲ್ಲಿ ನಿಮ್ಮಲ್ಲಿ ಎರಡೂ ಇದೆ.

ಮಾಲಿ ಗರಿ ಕಡಿದಿದ್ದು ಯಾಕೆ ತಪ್ಪು ಅಂದ್ರೆ, ಪೊಟ್ಯಾಶ್ ಸಿಗದೆ ಇದ್ದಾಗ ಮರ ಹಳೇ ಗರಿಲಿರೋ ಪೊಟ್ಯಾಶನ್ನ ಹೀರಿ ಹೊಸ ಗರಿಗೆ ಕಳಿಸುತ್ತೆ, ಅದಕ್ಕೇ ಹಳೇದು ಕಿತ್ತಳೆ ಬಣ್ಣ ಆಗೋದು. ಹಳೇ ಗರಿ ಅಂದ್ರೆ ಮರದ ಕಣಜ ಮೇಡಂ. ನೋಡೋಕೆ ಚೆನ್ನಾಗಿಲ್ಲ ಅಂತ ಅದನ್ನ ಕಡಿದ್ರೆ ಮರ ಅದರ ಮೇಲಿನ ಸಾಲಿನ ಗರಿಗೆ ಕೈ ಹಾಕುತ್ತೆ, ಅದೂ ಕಿತ್ತಳೆ ಆಗುತ್ತೆ, ಮಾಲಿ ಅದನ್ನೂ ಕಡೀತಾನೆ, ಹಿಂಗೇ ಮೇಲಕ್ಕೆ ಹೋಗ್ತಾ ಹೋಗ್ತಾ ಕೊನೆಗೆ ಸುಳಿಗೇ ಬರುತ್ತೆ. ರಾಯಲ್ ಪಾಮ್‌ಗೆ ಮಚ್ಚಿನ ಅವಶ್ಯಕತೆನೇ ಇಲ್ಲ, ಅಡಿಕೆ ಹಾಳೆ ಬೀಳೋ ಹಂಗೆ ಗರಿ ಹಣ್ಣಾದ್ಮೇಲೆ ಹಾಳೆ ಸಮೇತ ತಾನಾಗೇ ಕಳಚಿ ಬೀಳುತ್ತೆ. ಆ ಹಸಿರು ಹಾಳೆ ಸುತ್ಕೊಂಡಿರುತ್ತಲ್ಲ ಕಾಂಡದ ಮೇಲ್ಗಡೆ, ಅದರ ಒಳಗೇ ಸುಳಿ ಬೆಚ್ಚಗೆ ಕೂತಿರೋದು, ಅದನ್ನ ಸೀಳಿದ್ರೆ ಸುಳಿಗೇ ದಾರಿ ಬಿಟ್ಕೊಟ್ಟಂಗೆ. ಪೂರ್ತಿ ಒಣಗಿ ನೇತಾಡ್ತಿದ್ರೆ ಮಾತ್ರ ಕೈಯಲ್ಲಿ ಎಳೀರಿ, ಬಂದ್ರೆ ಬರ್ಲಿ, ಬರ್ದಿದ್ರೆ ಇನ್ನೊಂದು ವಾರ ಇರ್ಲಿ.

ಲಾನಿಗೆ ಯೂರಿಯಾ ಎರಚ್ತೀರ ಅಂದ್ಕೋತೀನಿ, ಎಲ್ಲರೂ ಎರಚ್ತಾರೆ. ಆ ಸಾರಜನಕ ಪಾಮ್ ಬೇರಿಗೂ ಸಿಕ್ಕಿ ಮರ ಬೆಳೆಯೋಕೆ ಶುರು ಮಾಡುತ್ತೆ, ಬೆಳೆಯೋಕೆ ಬೇಕಾದ ಪೊಟ್ಯಾಶ್ ಇರಲ್ಲ, ಕೊರತೆ ಇನ್ನೂ ಜಾಸ್ತಿ ಆಗುತ್ತೆ. ತೆಂಗಿನ ಲೆಕ್ಕ ನೋಡಿ, ದೊಡ್ಡ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಶ್ ಅಂತ ಶಿಫಾರಸು ಇದೆ, ಅಂದ್ರೆ ಪೊಟ್ಯಾಶು ಸಾರಜನಕದ ಎರಡರಷ್ಟಕ್ಕಿಂತ ಜಾಸ್ತಿ. ಅಂದಕ್ಕೆ ಬೆಳೆಸೋ ಪಾಮ್‌ಗೂ ಇದೇ ಹದ. ನಿಮ್ಮ ಮೂರು ವರ್ಷದ ಮರಕ್ಕೆ ಅಷ್ಟು ಬೇಡ. ಮೂರು ತಿಂಗಳಿಗೊಂದು ಸಲ ಮರ ಒಂದಕ್ಕೆ 250 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಶ್, 100 ಗ್ರಾಂ ಎಪ್ಸಂ ಸಾಲ್ಟ್ ಅಂದ್ರೆ ಮೆಗ್ನೀಷಿಯಂ ಸಲ್ಫೇಟ್, 75 ಗ್ರಾಂ ಯೂರಿಯಾ, ಇದಿಷ್ಟು ಪಾತಿಲಿ ಕಾಂಡದಿಂದ ಒಂದೂವರೆ ಅಡಿ ದೂರಕ್ಕೆ ಸುತ್ತ ಚೆಲ್ಲಿ ಮಣ್ಣಲ್ಲಿ ಬೆರೆಸಿ ನೀರು ಕೊಡಿ. ಮಣ್ಣು ಒಣಗಿದ್ದಾಗ ಹಾಕ್ಬೇಡಿ, ಒಂದೇ ಕಡೆ ಗುಡ್ಡೆ ಹಾಕ್ಬೇಡಿ. ಎಮ್‌ಒಪಿ ಅಂದ್ರೆ ಮ್ಯೂರಿಯೇಟ್ ಆಫ್ ಪೊಟ್ಯಾಶ್, ಮಾಮೂಲಿ ಪೊಟ್ಯಾಶ್ ಗೊಬ್ಬರ, ಅಗ್ಗ, ಆದ್ರೆ ಅದರಲ್ಲಿ ಕ್ಲೋರೈಡ್ ಇದೆ, ಮೊದ್ಲೇ ಉಪ್ಪಿನಂಶ ಇರೋ ಬೋರ್ ನೀರು ಹಾಕೋ ನಿಮಗೆ ಸಲ್ಫೇಟ್‌ದೇ ವಾಸಿ, ಸ್ವಲ್ಪ ದುಡ್ಡು ಜಾಸ್ತಿ ಆಗುತ್ತೆ ಅಷ್ಟೇ. ಮಳೆಗಾಲದ ಶುರುಲಿ ಇದರ ಜೊತೆ ಒಂದು ಪುಟ್ಟಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಹೊಂಗೆ ಹಿಂಡಿ ಕೊಡಿ, ಕೆರೆಗೋಡು ಅಂದ್ರೆ ಕೆರೆ ಹೂಳು ಸಿಕ್ಕಿದ್ರೆ ಪಾತಿಗೆ ಎರಡು ಪುಟ್ಟಿ ಹರಡಿ.

ಮ್ಯಾಂಗನೀಸ್‌ಗೆ ಮ್ಯಾಂಗನೀಸ್ ಸಲ್ಫೇಟ್, 100 ಗ್ರಾಂ ಬುಡಕ್ಕೆ ಒಂದು ಸಲ, ಲೀಟರ್ ನೀರಿಗೆ 3 ಗ್ರಾಂ ಕರಗಿಸಿ ಹೊಸ ಗರಿ ನೆನೆಯೋ ಹಂಗೆ ತಿಂಗಳಿಗೊಂದು ಸಲ, ಮೂರು ತಿಂಗಳು ಸ್ಪ್ರೇ. ಇಲ್ಲಿ ಒಂದು ಎಚ್ಚರ. ಗೊಬ್ಬರದಂಗಡಿಲಿ ಮ್ಯಾಂಗನೀಸ್ ಕೇಳಿದ್ರೆ ಎಷ್ಟೋ ಸಲ ಮೆಗ್ನೀಷಿಯಂ ಕಟ್ಟಿಕೊಡ್ತಾರೆ, ಹೆಸರು ಹತ್ರ ಹತ್ರ ಇದೆ ನೋಡಿ. ಪ್ಯಾಕೆಟ್ ಮೇಲೆ ಓದಿ, ಒಡೆದು ನೋಡಿ, ಎಪ್ಸಂ ಸಾಲ್ಟ್ ಬೆಳ್ಳಗೆ ಇರುತ್ತೆ, ಮ್ಯಾಂಗನೀಸ್ ಸಲ್ಫೇಟ್ ಸಣ್ಣಗೆ ಗುಲಾಬಿ ಛಾಯೆ ಇರುತ್ತೆ. ಎಲ್ಲೋ ಒಂದು ಕಡೆ ಹಿಂಗಾಗಿ ಆರು ತಿಂಗಳು ಮೆಗ್ನೀಷಿಯಂ ಹೊಡೆದು ಯಾಕೆ ಸರಿ ಹೋಗ್ತಿಲ್ಲ ಅಂತ ನಾವೇ ತಲೆ ಕೆಡಿಸ್ಕೊಂಡಿದ್ವಿ. ಬೋರಾನ್ ಲಕ್ಷಣ ಕಂಡ್ರೆ ಮಾತ್ರ 25 ಗ್ರಾಂ ಬೊರಾಕ್ಸ್ ನೀರಲ್ಲಿ ಕರಗಿಸಿ ಒಂದೇ ಒಂದು ಸಲ ಹಾಕಿ, ಅದು ಜಾಸ್ತಿ ಆದ್ರೆ ವಿಷ, ಸುಮ್ಸುಮ್ನೆ ಹಾಕ್ಬೇಡಿ. ಚಿಂತಾಮಣಿ ಹತ್ರ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ರಾನೇ, ಎಲ್ಲಕ್ಕಿಂತ ಮೊದ್ಲು ಮಣ್ಣು, ನೀರು ಎರಡೂ ತಗೊಂಡು ಹೋಗಿ ಟೆಸ್ಟ್ ಮಾಡ್ಸೋದು ಹೇಗೆ ಅಂತ ಕೇಳ್ಕೊಂಡ್ಬನ್ನಿ, ಪಿಎಚ್ ಅಂದ್ರೆ ಹುಳಿ-ಕ್ಷಾರದ ಮಟ್ಟ ಎಷ್ಟಿದೆ, ಉಪ್ಪಿನಂಶ ಎಷ್ಟಿದೆ ಅಂತ ಗೊತ್ತಾದ್ರೆ ಈ ಲೆಕ್ಕ ಇನ್ನೂ ಸರಿಯಾಗಿ ಕೂರುತ್ತೆ.

ಒಂದು ಸಲ ಮುದುರಿದ ಗರಿ, ಕಿತ್ತಳೆ ಆದ ಗರಿ ಮತ್ತೆ ಹಸಿರಾಗಲ್ಲ, ಅದನ್ನ ನೋಡಿ ಔಷಧಿ ಕೆಲಸ ಮಾಡ್ತಿಲ್ಲ ಅಂದ್ಕೋಬೇಡಿ. ರಾಯಲ್ ಪಾಮ್ ಚೆನ್ನಾಗಿದ್ದಾಗ ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತೆ, ಸೊರಗಿದ್ದಾಗ ಅದಕ್ಕಿಂತ ನಿಧಾನ. ಹೊಸ ಗರಿ ಮೊದಲಿನದಕ್ಕಿಂತ ಉದ್ದ ಬಂತಾ ಇಲ್ವಾ ಅನ್ನೋದೇ ನಿಮ್ಮ ಅಳತೆ.

ಉಪ್ಪಿನ ವಿಷಯಕ್ಕೆ ಬರ್ತೀನಿ, ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ, ತೆಂಗಿಗೆ ಉಪ್ಪು ಹಾಕೋದು ಹಳೇ ಪದ್ಧತಿ, ನಮ್ಮಜ್ಜನೂ ಗುಂಡಿಗೆ ಉಪ್ಪು ಹಾಕ್ತಿದ್ರು. ಆದ್ರೆ ತೆಂಗು ಸಮುದ್ರದ ದಂಡೆ ಗಿಡ, ಉಪ್ಪು ತಡ್ಕೊಳುತ್ತೆ. ರಾಯಲ್ ಪಾಮ್ ಕ್ಯೂಬಾ ಕಡೆದು, ಅಲ್ಲಿನ ರಾಷ್ಟ್ರೀಯ ಮರ ಅದು, ಸಿಹಿನೀರು ತೇವ ಇರೋ ಕಡೆ ಸೊಂಪಾಗಿ ಬರೋ ಜಾತಿ. ನಿಮ್ಮ ಬೋರ್ ನೀರಲ್ಲಿ ಬೇಕಾದಷ್ಟು ಲವಣ ಮೊದ್ಲೇ ಇದೆ, ಸಾಯಂಕಾಲ ಪಾತಿ ಒಣಗಿದ್ಮೇಲೆ ಮೇಲೆ ಬೆಳ್ಳಗೆ ಪೌಡರ್ ಥರ ಕಟ್ಟಿರುತ್ತಾ ನೋಡಿ, ಇದ್ರೆ ಉಪ್ಪು ಅಂಗಡಿಯಿಂದ ತರೋದೇ ಬೇಡ.

ನೀರು ಎಷ್ಟು ಅಂದ್ರೆ, ಎಳೆ ತೆಂಗಿಗೆ ಬೇಸಿಗೆಲಿ ನಾಲ್ಕು ದಿನಕ್ಕೊಂದು ಸಲ 45 ಲೀಟರ್ ಅನ್ನೋದು ಲೆಕ್ಕ, ರಾಯಲ್ ಪಾಮ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿನೇ ಬೇಕು, ಮೂರು ದಿನಕ್ಕೆ 50 ಲೀಟರ್ ಅಂತ ಇಟ್ಕೊಳಿ. ದಿನಾ ಪೈಪ್ ಹಿಡಿದು ಎರಡು ನಿಮಿಷ ನೆನೆಸೋದ್ರಿಂದ ಮೇಲಿನ ಎರಡು ಇಂಚು ಒದ್ದೆ ಆಗುತ್ತೆ, ಅದು ಲಾನಿಗೆ ಸರಿ, ಪಾಮ್‌ಗೆ ಅಲ್ಲ. ನಿಧಾನಕ್ಕೆ ಡ್ರಿಪ್ಪಲ್ಲಿ ಬಿಡಿ, ಒಂದಡಿ ಆಳಕ್ಕೆ ಕಡ್ಡಿ ಚುಚ್ಚಿದ್ರೆ ತೇವ ಅಂಟ್ಬೇಕು. ಮನೆ ತಾರಸಿ ಮಳೆ ನೀರನ್ನ ಪೈಪ್ ಹಾಕಿ ಈ ಪಾತಿಗಳಿಗೆ ತಿರುಗ್ಸಿದ್ರೆ ಇನ್ನೂ ಒಳ್ಳೇದು, ವರ್ಷವಿಡೀ ಕೂತಿರೋ ಲವಣ ಒಂದು ಒಳ್ಳೆ ಮಳೆಲಿ ತೊಳೆದು ಕೆಳಗಿಳಿಯುತ್ತೆ. ನಮ್ಮ ಕಡೆ ಮಳೆಯೇ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು, ಅದನ್ನ ಚರಂಡಿಗೆ ಬಿಟ್ಟು ಬೋರ್ ನೀರು ಎತ್ತೋದು ನನಗೆ ಸಂಕಟ ಆಗುತ್ತೆ.

ಹುಳದ ಬಗ್ಗೆ ನೀವು ಕೇಳಿಲ್ಲ, ಆದ್ರೆ ನಿಮ್ಮೂರು ರೇಷ್ಮೆ ಹೈನುಗಾರಿಕೆ ಊರು, ಪ್ರತಿ ಮನೆ ಹಿಂದೆ ತಿಪ್ಪೆ ಇರುತ್ತೆ, ತಿಪ್ಪೆ ಇದ್ದ ಕಡೆ ಕುರುವಾಯಿ ದುಂಬಿ ಇರುತ್ತೆ, ಮೂತಿ ಮೇಲೆ ಕೊಂಬಿರೋ ಆ ಕರೀ ದುಂಬಿ. ಅದು ಮೊಟ್ಟೆ ಇಡೋದು ಗೊಬ್ಬರದಲ್ಲಿ, ಊಟಕ್ಕೆ ಬರೋದು ಪಾಮ್ ಸುಳಿಗೆ. ಬಿಚ್ಚಿದ ಗರಿಲಿ ಕತ್ತರಿಲಿ ಮೂಲೆ ಮೂಲೆ ಕತ್ತರಿಸಿದಂಗೆ ಎರಡೂ ಕಡೆ ಒಂದೇ ಥರ ಕಚ್ಚು ಕಂಡ್ರೆ ಅದು ಬಂದು ಹೋಗಿದೆ ಅಂತ. ಸುಳಿ ಪಕ್ಕ ತೂತು, ತೂತಲ್ಲಿ ಅಗಿದು ಉಗಿದ ನಾರು ಇದ್ರೆ ಇನ್ನೂ ಒಳಗೇ ಕೂತಿದೆ, ಕಬ್ಬಿಣದ ಕೊಕ್ಕೆ ಕಡ್ಡಿ ಹಾಕಿ ಎಳೆದು ತೆಗೀರಿ. ಮೇಲಿನ ಗರಿ ಸಂದಿಗಳಿಗೆ ಬೇವಿನ ಹಿಂಡಿ ಮರಳು ಸಮ ಬೆರೆಸಿ ತುಂಬಿ, ಇಲ್ಲಾಂದ್ರೆ ಮೂರ್ನಾಲ್ಕು ನ್ಯಾಫ್ತಲಿನ್ ಗುಳಿಗೆ ಇಟ್ಟು ಮರಳು ಮುಚ್ಚಿ, 45 ದಿನಕ್ಕೊಂದು ಸಲ ಹೊಸದು. ತಿಪ್ಪೆಗೆ ಮೆಟಾರೈಜಿಯಂ ಅನ್ನೋ ಶಿಲೀಂಧ್ರದ ಪುಡಿ ಬೆರೆಸಿದ್ರೆ ಮರಿಗಳು ಅಲ್ಲೇ ಸಾಯ್ತವೆ. ಕೆಂಪು ಮೂತಿ ಹುಳ ಇದಕ್ಕಿಂತ ಕೆಟ್ಟದ್ದು, ಅದು ಹಸಿ ಗಾಯದ ವಾಸನೆ ಹಿಡಿದೇ ಬರೋದು, ಹಸಿ ಗರಿ ಕಡೀಬೇಡಿ ಅಂತ ನಾನು ಇಷ್ಟು ಹೊಡ್ಕೊಳೋದಕ್ಕೆ ಇದೂ ಒಂದು ಕಾರಣ. ಕಾಂಡದ ತೂತಿಂದ ಕಂದು ರಸ ಸೋರ್ತಿದ್ರೆ, ಕಿವಿ ಇಟ್ಟರೆ ಒಳಗೆ ಕರಕರ ಅಂತ ಅಗಿಯೋ ಸದ್ದು ಕೇಳಿದ್ರೆ ತಡ ಮಾಡದೆ ತೋಟಗಾರಿಕೆ ಇಲಾಖೆಯವರನ್ನ ಕರೀರಿ.

ದಯವಿಟ್ಟು ಒಂದು ಮಾತು ನೆನಪಿಡಿ, ನಿಮ್ಮ ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದೇ ಇರುತ್ತೆ. ಅಂದದ ಗಿಡಕ್ಕೆ ಅಂತ ನೀವು ಕೀಟನಾಶಕ ಸ್ಪ್ರೇ ಮಾಡಿ, ಗಾಳಿಗೆ ಅದು ಆ ಸೊಪ್ಪಿನ ಮೇಲೆ ಬಿದ್ರೆ, ಅವರ ಮನೆಲಿ ತಟ್ಟೆ ತಟ್ಟೆ ಹುಳ ಸಾಯುತ್ತೆ, ಒಂದು ಬೆಳೆನೇ ಹೋಗುತ್ತೆ. ಸ್ಪ್ರೇ ಬೇಡವೇ ಬೇಡ, ಕೊಕ್ಕೆ, ಹಿಂಡಿ ಇಷ್ಟರಲ್ಲೇ ಮುಗ್ಸಿ. ಮ್ಯಾಂಗನೀಸ್ ಹೊಡೆಯುವಾಗ್ಲೂ ಕೀಟನಾಶಕ ಹೊಡೆದ ಪಂಪ್ ಬಳಸ್ಬೇಡಿ, ಗಾಳಿ ಇಲ್ಲದ ಬೆಳಿಗ್ಗೆ ಹೊತ್ತು ಹೊಡ್ಸಿ.

ಕುಂಡದ ಅರೆಕಾ ಸುಲಭ. ಆರ್‌ಒ ವೇಸ್ಟ್ ನೀರು ನಿಲ್ಸಿ, ಅಷ್ಟೇ. ಆರ್‌ಒ ಮೆಶಿನ್ ಒಳ್ಳೆ ನೀರು ನಮಗೆ ಕೊಟ್ಟು, ಬೋರ್ ನೀರಲ್ಲಿದ್ದ ಲವಣ, ಫ್ಲೋರೈಡ್ ಎಲ್ಲಾ ಒಟ್ಟು ಮಾಡಿ ಆ ವೇಸ್ಟ್ ಪೈಪಲ್ಲಿ ಬಿಡುತ್ತೆ, ಕೋಲಾರ ಚಿಕ್ಕಬಳ್ಳಾಪುರ ಪಾವಗಡ ಕಡೆ ನೀರಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ಗೊತ್ತಿರೋದೇ, ಅರೆಕಾಗೆ ಫ್ಲೋರೈಡ್ ಆಗಲ್ಲ, ತುದಿ ಸುಡುತ್ತೆ. ಆ ನೀರು ನೆಲ ತೊಳೆಯೋಕೆ ಇಟ್ಕೊಳಿ. ಅರೆಕಾಗೆ ಮಳೆ ನೀರು ಹಿಡಿದಿಟ್ಟು ಹಾಕಿ, ಎಸಿ ಇದ್ರೆ ಅದರಿಂದ ತೊಟ್ಟಿಕ್ಕೋ ನೀರೂ ಆಗುತ್ತೆ. ಈಗ ಒಂದು ಸಲ ಕುಂಡಗಳನ್ನ ಆಚೆ ಇಟ್ಟು, ಕುಂಡದ ಮೂರರಷ್ಟು ಒಳ್ಳೆ ನೀರು ನಿಧಾನಕ್ಕೆ ಸುರಿದು ತಳದಿಂದ ಹರಿದು ಹೋಗೋಕೆ ಬಿಡಿ. ಸೂಪರ್ ಫಾಸ್ಫೇಟ್ ಹಾಕ್ಬೇಡಿ, ಅದರಲ್ಲೂ ಫ್ಲೋರೈಡ್ ಇರುತ್ತೆ. ಒಣಗಿದ ತುದಿ ಕತ್ತರಿಸೋದಾದ್ರೆ ಕಂದು ಭಾಗ ಕೂದಲೆಳೆಯಷ್ಟು ಬಿಟ್ಟು ಕತ್ತರಿಸಿ, ಹಸಿರಿಗೆ ಕತ್ತರಿ ತಾಗಿದ್ರೆ ಮತ್ತೆ ಅಲ್ಲಿಂದ ಒಣಗುತ್ತೆ. ಇದರ ದಂಟು ಹಳದಿ ಇರೋದು ಅದರ ಗುಣ, ಅದು ರೋಗ ಅಲ್ಲ.

ಇನ್ನು ಮುಂದೆ ಹಾಕೋಕೆ ಯಾವ್ದು ಅಂತ. ರಾಯಲ್ ಪಾಮ್ ಇನ್ನು ಸೇರಿಸ್ಬೇಡಿ, ಅದು 20 ಮೀಟರ್ ಮೇಲೆ ಹೋಗೋ ಮರ, ಹಾಳೆ ಸಮೇತ ಗರಿ ಬಿದ್ರೆ ಕಾರಿನ ಮೇಲೆ ಬಿದ್ದ ಗುರುತು ಉಳಿಯುತ್ತೆ, ಕರೆಂಟ್ ವೈರ್ ಕೆಳಗಂತೂ ಬೇಡವೇ ಬೇಡ. ಫಾಕ್ಸ್‌ಟೇಲ್ ಪಾಮ್ ನನಗೆ ಇಷ್ಟ. ಅದು ಆಸ್ಟ್ರೇಲಿಯಾದ ಕೇಪ್ ಮೆಲ್ವಿಲ್ ಅನ್ನೋ ಒಂದೇ ಒಂದು ಜಾಗದ್ದು, ಅಲ್ಲಿ ಬೆಟ್ಟ ಅಂದ್ರೆ ಬಂಡೆ ಮೇಲೆ ಬಂಡೆ, ನಮ್ಮ ಅಂತರಗಂಗೆ ಬೆಟ್ಟದಲ್ಲಿ ಇರುತ್ತಲ್ಲ ಹಂಗೆ, ಆ ಬಂಡೆ ಸಂದಿಯ ಮರಳು ಮಣ್ಣಲ್ಲಿ ಬೆಳೆದಿರೋ ಗಿಡ. ಸಸ್ಯಶಾಸ್ತ್ರದವರು ಅದಕ್ಕೆ ಹೆಸರಿಟ್ಟಿದ್ದೇ 1983ರಲ್ಲಿ, ಈಗ ಪ್ರಪಂಚದ ತುಂಬಾ ಇದೆ. ಬೇರೂರಿದ್ಮೇಲೆ ನೀರು ಕಮ್ಮಿ ಆದ್ರೂ ತಡ್ಕೊಳುತ್ತೆ, ಆದ್ರೆ ಕ್ಷಾರದ ಮಣ್ಣಲ್ಲಿ ಇದಕ್ಕೂ ಮ್ಯಾಂಗನೀಸ್ ಬೇಡಿಕೆ ಇದೆ. ಬಿಸ್ಮಾರ್ಕ್ ಪಾಮ್ ಬೆಳ್ಳಿ ಬಣ್ಣದ ಬೀಸಣಿಗೆ ಎಲೆ, ಮಡಗಾಸ್ಕರದ್ದು, ನಮ್ಮ ಬಿಸಿಲಿಗೆ ಹೇಳಿ ಮಾಡ್ಸಿದ್ದು, ಆದ್ರೆ ಇಪ್ಪತ್ತು ಅಡಿ ಅಗಲ ಜಾಗ ಬೇಕು, ಬೇರು ಕಡಿದು ಕಿತ್ತು ತಂದ ದೊಡ್ಡ ಗಿಡ ಬಹಳ ಸಲ ಬದುಕಲ್ಲ, ಚಿಕ್ಕದೇ ತಗೊಂಡು ಹಾಕಿ ಕಾಯ್ಬೇಕು. ಚಿಕ್ಕ ಜಾಗಕ್ಕೆ ಬಾಟಲ್ ಪಾಮ್ ಆಗುತ್ತೆ, ಮಾರಿಷಸ್ ಹತ್ರದ ರೌಂಡ್ ಐಲ್ಯಾಂಡ್‌ದು, ನಿಧಾನ ಬೆಳೆಯುತ್ತೆ. ನರ್ಸರಿಲಿ ಟ್ರಾವೆಲರ್ಸ್ ಪಾಮ್, ಸೇಗೋ ಪಾಮ್ ಅಂತ ಕೊಡೋವು ಪಾಮೇ ಅಲ್ಲ, ಹಾಕೋದಾದ್ರೆ ಹಾಕಿ, ಅವುಗಳ ಆರೈಕೆ ಬೇರೆ.

ಆದ್ರೆ ನನ್ನ ಮನಸ್ಸಲ್ಲಿರೋದು ಕೇಳಿದ್ರೆ ಗೇಟ್ ಹತ್ರ ಎರಡು ಈಚಲು ಹಾಕಿ ಮೇಡಂ. ನಮ್ಮ ಹಳ್ಳದ ದಂಡೆ, ಕೆರೆ ಅಂಗಳದಲ್ಲಿ ತಾನಾಗೇ ಬಂದಿರೋ ಈಚಲನ್ನೇ ಅಮೆರಿಕದ ಫ್ಲೋರಿಡಾದಲ್ಲಿ ಸಿಲ್ವೆಸ್ಟರ್ ಪಾಮ್ ಅಂತ ಒಳ್ಳೆ ಬೆಲೆಗೆ ಮಾರ್ತಾರೆ, ಬಂಗ್ಲೆ ಮುಂದೆ ಸಾಲಾಗಿ ನೆಡ್ತಾರೆ. ನಾವು ಪೊರಕೆಗೆ, ಚಾಪೆಗೆ ಬಿಟ್ರೆ ಅದರ ಕಡೆ ತಿರುಗಿ ನೋಡಲ್ಲ. ನಮ್ಮ ಬರ, ನಮ್ಮ ಕೆಂಪು ಮಣ್ಣು, ಗಡಸು ನೀರು ಎಲ್ಲಾ ಕಂಡಿರೋ ಮರ ಅದು, ಬೂದು ಹಸಿರು ತಲೆ ದುಂಡಗೆ ಬಿಚ್ಕೊಂಡು ನಿಂತ್ರೆ ರಾಯಲ್ ಪಾಮ್ ಪಕ್ಕ ನಿಲ್ಸಿದ್ರೂ ಕಮ್ಮಿ ಕಾಣಲ್ಲ. ಗರಿ ಬುಡದಲ್ಲಿ ಮುಳ್ಳಿರುತ್ತೆ, ಮಕ್ಕಳು ಓಡಾಡೋ ದಾರಿಯಿಂದ ನಾಲ್ಕಡಿ ದೂರ ಹಾಕಿ. ಕೆರೆ ಅಂಗಳದಿಂದ ಜೆಸಿಬಿಲಿ ಕಿತ್ತು ತಂದು ಮಾರೋವ್ರ ಹತ್ರ ಮಾತ್ರ ತಗೋಬೇಡಿ, ನರ್ಸರಿಲಿ ಬೀಜದಿಂದ ಬೆಳೆಸಿದ್ದು ಕೇಳಿ ತಗೊಳಿ, ಇಲ್ಲಾಂದ್ರೆ ಹಣ್ಣಿನ ಕಾಲದಲ್ಲಿ ಬೀಜ ಆಯ್ದು ನೀವೇ ಹಾಕಿ.

ಯಾವ್ದೇ ಹಾಕಿದ್ರೂ ಜೂನ್ ಜುಲೈಲಿ, ಎರಡು ಮೂರು ಮಳೆ ಬಿದ್ದು ಮಣ್ಣು ಇನ್ನೂ ಬೆಚ್ಚಗಿರುವಾಗ ಹಾಕಿ, ಡಿಸೆಂಬರ್ ಚಳಿಲಿ ಬೇಡ, ತಣ್ಣಗಿರೋ ಮಣ್ಣಲ್ಲಿ ಪಾಮ್ ಬೇರು ಬಿಡೋದು ಬಹಳ ನಿಧಾನ. ಗುಂಡಿ ಆಳಕ್ಕಿಂತ ಅಗಲ ಜಾಸ್ತಿ ತೆಗ್ಸಿ, ಬುಡ ನೆಲಮಟ್ಟಕ್ಕೇ ಕೂರ್ಲಿ, ಗಾಳಿಗೆ ಆಡುತ್ತೆ ಅಂದ್ರೆ ಗೂಟ ಕೊಟ್ಟು ಹಗ್ಗ ಕಟ್ಟಿ.

ಸದ್ಯಕ್ಕೆ ನಾಳೆ ಬೆಳಿಗ್ಗೆ ಒಂದು ಮರದ ಕಟ್ಟೆ ಒಡ್ಸಿ ಬುಡ ಬಿಡಿಸಿ, ಬೇರು ಎಷ್ಟು ಇಂಚು ಕೆಳಗೆ ಸಿಕ್ತು ಅಂತ ಅಳೆದು ಬರೀರಿ, ಜೊತೆಗೆ ಒಂದು ಹೊಸ ಗರಿ ಬುಡದಿಂದ ತುದಿವರೆಗೂ ಕಾಣೋ ಹಂಗೆ ಫೋಟೋ ತೆಗೆದು ಕಳಿಸಿ. ಇನ್ನೊಂದು ಕೆಲಸ, ಈಗ ನೆಟ್ಟಗೆ ನಿಂತಿರೋ ಸುಳಿಗರಿಗೆ ಒಂದು ಕೆಂಪು ದಾರ ಸಡಿಲವಾಗಿ ಕಟ್ಟಿ ತಾರೀಕು ಬರೆದಿಡಿ. ಆ ದಾರದ ಗರಿ ಬಿಟ್ಟು ಅದರ ಮುಂದಿನ ಮೂರನೇ ಗರಿ ಹೆಂಗೆ ಬಿಚ್ಚುತ್ತೆ ಅಂತ ನೋಡಿದ್ಮೇಲೆ ಮುಂದಿನ ಗೊಬ್ಬರದ ಲೆಕ್ಕ ಮಾತಾಡೋಣ.